ಸ್ಪ್ರಿಂಗ್ ಕತ್ತರಿಸುವ ಮುನ್ನ

ಭಾನುವಾರ ಬೆಳಗಿನ ಜಾವ ಬೆಂಗಳೂರು ಬಿಟ್ಟು ಚಾರ್ಮಾಡಿಯ ಕಡೆ ಹೊರಟ ಕಾರುಗಳಲ್ಲಿ ‘ಸೆಟ್ ಮಾಡಿಸಿದ’, ಅಂದರೆ ಸ್ಪ್ರಿಂಗ್ ಬದಲಿಸಿ ತಗ್ಗಿಸಿದ, ಕಾರು ಯಾವುದೆಂದು ಗುರುತಿಸುವುದು ಕಷ್ಟವಲ್ಲ. ದಾರಿಯ ಊರುಗಳಲ್ಲಿ ಹಂಪು ಬಂದಾಗ ಉಳಿದ ಕಾರುಗಳು ಬ್ರೇಕ್ ಒತ್ತಿ ಧಡಕ್ಕನೆ ದಾಟಿಹೋಗುತ್ತವೆ. ಇದು ಪೂರ್ತಿ ನಿಲ್ಲುತ್ತದೆ. ಆಮೇಲೆ ಎಡಗಡೆಯ ಚಕ್ರ ಮೊದಲು, ಬಲಗಡೆಯದು ನಂತರ ಎಂದು ಓರೆಯಾಗಿ ಹತ್ತಲು ಶುರುಮಾಡುತ್ತದೆ. ಕೆಳಗೆ ಕರ್ ಎಂದು ಉಜ್ಜಿದ ಸದ್ದು. ಸ್ಟಿಯರಿಂಗ್ ಹಿಡಿದವನ ಮುಖ ಹುಳ್ಳಗಾಗುತ್ತದೆ. ಹಿಂದೆ ನಿಂತ ಲಾರಿಯವನು ಹಾರನ್ ಹೊಡೆಯುತ್ತಾನೆ, ಪಕ್ಕದಲ್ಲಿ ಎರಡು ಹಾಲಿನ ಕ್ಯಾನು ಕಟ್ಟಿಕೊಂಡ ಟಿವಿಎಸ್ ಎಕ್ಸೆಲ್ ನಿರಾಯಾಸವಾಗಿ ದಾಟಿ ಮುಂದೆ ಹೋಗುತ್ತದೆ. ಜೋರಾಗಿ ಓಡಿಸಲಿಕ್ಕೆಂದೇ ಇಳಿಸಿದ ಕಾರು ಆ ಊರಿನ ಮಟ್ಟಿಗೆ ಎಲ್ಲರಿಗಿಂತ ನಿಧಾನ.

ತಪ್ಪು ಪೂರ್ತಿ ಕಾರಿನದ್ದಲ್ಲ ಎನ್ನಬಹುದು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯಂತೆ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು, ಗಂಟೆಗೆ 25 ಕಿ.ಮೀ. ವೇಗದಲ್ಲಿ ಅದನ್ನು ಆರಾಮವಾಗಿ ದಾಟುವಂತಿರಬೇಕು. ಯಾವುದೋ ಅಪಘಾತದ ಮರುದಿನ ಊರವರು ಒಂದು ಟ್ರ್ಯಾಕ್ಟರ್ ಜಲ್ಲಿ ತರಿಸಿ ಹಾಕಿಸಿದ ಹಂಪಿಗೆ ಈ ಅಳತೆಗಳ ಹಂಗಿಲ್ಲ. ಸಾಮಾನ್ಯ ಹ್ಯಾಚ್‌ಬ್ಯಾಕ್ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ 160ರಿಂದ 170 ಮಿ.ಮೀ. ಜಾಗವಿರುತ್ತದೆ. ನಾಲ್ಕು ಜನ ಕೂತು ಡಿಕ್ಕಿ ತುಂಬಿದರೆ ಅದರಲ್ಲೂ ಕಳೆಯುತ್ತದೆ. ಉಳಿದದ್ದರಲ್ಲಿ ಇನ್ನೂ 40 ಮಿ.ಮೀ. ಕಳೆಯಲು ದುಡ್ಡು ಕೊಡುವವರಿದ್ದಾರೆ ಎಂಬುದೇ ಈ ಬರಹಕ್ಕೆ ಕಾರಣ.

ಕಾರು ತಗ್ಗಿದ್ದಷ್ಟೂ, ಸ್ಪ್ರಿಂಗ್ ಗಟ್ಟಿಯಾದಷ್ಟೂ ರಸ್ತೆ ಹಿಡಿತ ಹೆಚ್ಚು ಎಂಬ ನಂಬಿಕೆ ಬಂದದ್ದು ರೇಸ್ ಟ್ರ್ಯಾಕ್‌ಗಳಿಂದ. ಟಿ.ವಿ.ಯಲ್ಲಿ ಕಾಣುವ ರೇಸ್ ಕಾರು ನೆಲಕ್ಕೆ ಅಂಟಿಕೊಂಡೇ ಓಡುತ್ತದೆ, ತಿರುವಿನಲ್ಲಿ ಒಂದಿಷ್ಟೂ ವಾಲುವುದಿಲ್ಲ. ಆದರೆ ಆ ಕಾರು ಓಡುವ ನೆಲ ಬೇರೆ. ಚೆನ್ನೈ ಹತ್ತಿರದ ಇರುಂಗಟ್ಟುಕೋಟೈ ಟ್ರ್ಯಾಕಿನಲ್ಲಾಗಲಿ, ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಾಗಲಿ ತಿರುವಿನ ನಡುವೆ ಜಲ್ಲಿ ಎದ್ದಿರುವುದಿಲ್ಲ, ಡಾಂಬರಿನ ತೇಪೆ ಇರುವುದಿಲ್ಲ, ಎದುರಿನಿಂದ ಧರ್ಮಸ್ಥಳದ ಬಸ್ಸು ಬರುವುದಿಲ್ಲ. ರೇಸ್ ಕಾರನ್ನು ಗಾಳಿಯೇ ರಸ್ತೆಗೆ ಒತ್ತಿ ಹಿಡಿಯುತ್ತದೆ. ಆ ಒತ್ತಡಕ್ಕೆ ಕಾರು ನೆಲ ಮುಟ್ಟದಿರಲಿ ಎಂದೇ ಅಲ್ಲಿ ಸ್ಪ್ರಿಂಗನ್ನು ಅಷ್ಟು ಬಿಗಿ ಮಾಡಿರುತ್ತಾರೆ. ಗಂಟೆಗೆ 50–60 ಕಿ.ಮೀ.ಯಲ್ಲಿ ಘಾಟಿ ಇಳಿಯುವ ಸ್ವಿಫ್ಟಿಗೋ ಪೋಲೊಗೋ ಆ ಗಾಳಿಯ ಸಹಾಯ ಎಲ್ಲಿಂದ ಬರಬೇಕು?

ಹಿಡಿತ ಎಲ್ಲಿ ಹುಟ್ಟುತ್ತದೆ ಎಂದು ಕೇಳಿಕೊಂಡರೆ ವಿಷಯ ಸರಳ. ಪ್ರತಿ ಟೈರು ರಸ್ತೆಯನ್ನು ಮುಟ್ಟುವುದು ಅಂಗೈಯಗಲ ಜಾಗದಲ್ಲಿ. ಆ ನಾಲ್ಕು ಅಂಗೈಗಳು ರಸ್ತೆಯನ್ನು ಬಿಡದಿದ್ದರೆ ಹಿಡಿತವಿದೆ, ಬಿಟ್ಟರೆ ಇಲ್ಲ. ತಲೆಯ ಮೇಲೆ ತುಂಬಿದ ಕೊಡ ಹೊತ್ತು ಕಲ್ಲುದಾರಿಯಲ್ಲಿ ಬರುವ ಹೆಂಗಸಿನ ಮಂಡಿ, ಸೊಂಟಗಳನ್ನು ಗಮನಿಸಿದವರಿಗೆ ಸಸ್ಪೆನ್ಷನ್ನಿನ ಕೆಲಸ ಬೇರೆ ಹೇಳಬೇಕಿಲ್ಲ: ಕಾಲು ನೆಲದ ಏರುಪೇರನ್ನೆಲ್ಲ ಅನುಸರಿಸುತ್ತದೆ, ಕೊಡ ಅಲುಗುವುದಿಲ್ಲ. ಮಂಡಿ ಮಡಿಸದೆ ನಡೆದರೆ ನೀರೂ ಚೆಲ್ಲುತ್ತದೆ, ಕಾಲೂ ಜಾರುತ್ತದೆ.

ಇದಕ್ಕೊಂದು ಲೆಕ್ಕವೂ ಇದೆ. ಶಾಕ್ ಅಬ್ಸಾರ್ಬರ್ ತೆಗೆದು ಸ್ಪ್ರಿಂಗಿನ ಮೇಲಷ್ಟೇ ಕಾರನ್ನು ನಿಲ್ಲಿಸಿ ಒಮ್ಮೆ ಅದುಮಿ ಬಿಟ್ಟರೆ ಸೆಕೆಂಡಿಗೆ ಎಷ್ಟು ಸಲ ಅದು ಮೇಲೆ ಕೆಳಗೆ ಆಡುತ್ತದೆ ಎಂಬುದೇ ಆ ಲೆಕ್ಕ. ಮನೆಮಂದಿ ಓಡಾಡುವ ಕಾರುಗಳಲ್ಲಿ ಇದು ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ. ಸ್ಪೋರ್ಟ್ಸ್ ಕಾರುಗಳಲ್ಲಿ ಒಂದೂವರೆಯಿಂದ ಎರಡು. ಗಾಳಿಯ ಒತ್ತಡ ಬಳಸುವ ರೇಸ್ ಕಾರುಗಳಲ್ಲಿ ಮೂರು, ನಾಲ್ಕು, ಅದಕ್ಕೂ ಮೇಲೆ. ಮನುಷ್ಯನ ಮೈ ಮೇಲೆ ಕೆಳಗೆ ಕುಲುಕಾಡುವುದನ್ನು ಅತಿ ಕಡಿಮೆ ಸಹಿಸಿಕೊಳ್ಳುವುದು ಸೆಕೆಂಡಿಗೆ 4ರಿಂದ 8 ಸಲದ ಕಂಪನದಲ್ಲಿ. ಹೊಟ್ಟೆಯ ಒಳಗಿನದೆಲ್ಲ ಆಗ ಒಟ್ಟಿಗೆ ಕುಣಿಯಲು ಶುರುಮಾಡುತ್ತದೆ. ಸೆಕೆಂಡಿಗೆ ಒಂದು ಸಲ ಆಡುವ ಸ್ಪ್ರಿಂಗು ಕಾರಿನ ತೂಕಕ್ಕೇ 25 ಸೆಂ.ಮೀ. ಕುಗ್ಗಿರುತ್ತದೆ. ಎರಡು ಸಲ ಆಡುವುದು ಕುಗ್ಗಿರುವುದು ಬರೀ 6 ಸೆಂ.ಮೀ. ಚಕ್ರ ಗುಂಡಿಗೆ ಇಳಿದಾಗ ಅದನ್ನು ಹಿಂಬಾಲಿಸಿ ಕೆಳಗೆ ಒತ್ತಲು ಸ್ಪ್ರಿಂಗಿನಲ್ಲಿ ಉಳಿದಿರುವ ದಾರಿ ಅಷ್ಟೇ. ಗುಂಡಿ ಅದಕ್ಕಿಂತ ಆಳವಿದ್ದರೆ ಚಕ್ರ ಗಾಳಿಯಲ್ಲಿರುತ್ತದೆ. ನಮ್ಮ ಗುಂಡಿಗಳ ಆಳ ಓದುಗರಿಗೆ ಗೊತ್ತಿರುವುದೇ.

ಬೆಂಗಳೂರಿನ ಜೆ.ಸಿ. ರಸ್ತೆಯ ಯಾವುದಾದರೂ ಒಳಗಲ್ಲಿಯ ಗ್ಯಾರೇಜಿನ ಮುಂದೆ ಅರ್ಧ ಗಂಟೆ ನಿಂತರೆ ಈ ಬಗೆಯ ಮಾತು ಕಿವಿಗೆ ಬಿದ್ದೇ ಬೀಳುತ್ತದೆ.

“ಅಣ್ಣಾ, ಸ್ಪ್ರಿಂಗ್ ಒಂದು ಸುತ್ತು ಕಟ್ ಮಾಡಿಸಿದ್ರೆ ಸಾಕಲ್ವಾ? ಹೊಸ ಸೆಟ್ಟಿಗೆ ಯಾಕೆ ಅಷ್ಟು ದುಡ್ಡು?”

“ಮಾಡ್ಕೊಡ್ತೀನಿ ಸಾರ್, ಹತ್ತು ನಿಮಿಷದ ಕೆಲ್ಸ. ಆಮೇಲೆ ಶಾಕಬ್ಸರ್ ಹೋಯ್ತು ಅಂತ ನನ್ ಹತ್ರ ಬರ್ಬೇಡಿ.”

“ಆದ್ರೆ ಗ್ರಿಪ್ ಜಾಸ್ತಿ ಆಗತ್ತಲ್ಲ?”

“ಗಟ್ಟಿ ಆಗಿದ್ದು ನಿಮ್ ಸೊಂಟಕ್ಕೆ ಗೊತ್ತಾಗತ್ತೆ. ರೋಡ್ ಹಿಡಿಯೋದು ಟೈರು ಸಾರ್, ಸ್ಪ್ರಿಂಗ್ ಅಲ್ಲ.”

ಎಂಜಿನಿಯರಿಂಗ್ ಓದಿ ಬಂದ ಗಿರಾಕಿಗಿಂತ ಗ್ರೀಸ್ ಮೆತ್ತಿದ ಕೈಯ ಮೆಕ್ಯಾನಿಕ್ಕೇ ಇಲ್ಲಿ ಸರಿ. ಕೆಲಸ ಮಾಡುವ ಸುತ್ತುಗಳು ಆರಿದ್ದಲ್ಲಿ ಒಂದನ್ನು ಕತ್ತರಿಸಿದರೆ ಸ್ಪ್ರಿಂಗು ಶೇ. 20ರಷ್ಟು ಬಿಗಿಯಾಗುತ್ತದೆ. ಅದೇ ತೂಕಕ್ಕೆ ಕುಗ್ಗಲು ಉಳಿದದ್ದು ಐದೇ ಸುತ್ತಲ್ಲ. ಆದರೆ ಅದರ ಜೊತೆಗಿರುವ ಶಾಕ್ ಅಬ್ಸಾರ್ಬರ್ ಹಳೆಯ ಬಿಗಿಗೆ ಹೊಂದಿಸಿದ್ದು. ಕತ್ತರಿಸಿದ ತುದಿ ತನ್ನ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ. ಗುಂಡಿಯಲ್ಲಿ ಚಕ್ರ ಪೂರ್ತಿ ಇಳಿಬಿದ್ದಾಗ ಸ್ಪ್ರಿಂಗು ಸಡಿಲವಾಗಿ ಜಾಗ ತಪ್ಪಬಹುದು. ಗ್ಯಾಸ್ ಕಟರ್‌ನಲ್ಲಿ ಕೊಯ್ದಿದ್ದರೆ ಕಾವಿಗೆ ಆ ಭಾಗದ ಉಕ್ಕು ತನ್ನ ಹದವನ್ನೇ ಕಳೆದುಕೊಂಡಿರುತ್ತದೆ. ಇವಕ್ಕಿಂತ ಕೆಟ್ಟದ್ದು ಬಂಪ್ ಸ್ಟಾಪಿನ ಕಥೆ. ಚಕ್ರ ತೀರಾ ಮೇಲೆ ಬಂದು ಲೋಹಕ್ಕೆ ಲೋಹ ಬಡಿಯದಂತೆ ತಡೆಯುವ ರಬ್ಬರ್ ತುಂಡು ಅದು. ಇಳಿಸಿದ ಕಾರಿನಲ್ಲಿ ಅದಕ್ಕೂ ಚಕ್ರಕ್ಕೂ ಇರುವ ಅಂತರ ಎರಡು ಬೆರಳೂ ಉಳಿಯುವುದಿಲ್ಲ. ತಿರುವಿನಲ್ಲಿ ಕಾರು ಹೊರಗಡೆಗೆ ವಾಲಿ ಆ ರಬ್ಬರಿನ ಮೇಲೆ ಕೂತಿತೆಂದರೆ ಅಲ್ಲಿಗೆ ಸಸ್ಪೆನ್ಷನ್ ಮುಗಿಯಿತು. ಅದೇ ಗಳಿಗೆಯಲ್ಲಿ ಒಂದು ಉಬ್ಬು ಸಿಕ್ಕರೆ ಆ ಮೂಲೆ ಜಿಗಿಯುತ್ತದೆ, ಕಾರು ಒಂದು ಗೇಣು ಪಕ್ಕಕ್ಕೆ ಸರಿದಿರುತ್ತದೆ. ಓಡಿಸುವವನು ಅದನ್ನು ‘ಸ್ಟಿಫ್ ಆಗಿದೆ’ ಎಂದು ಹೆಮ್ಮೆಯಿಂದ ಹೇಳುತ್ತಾನೆ.

ಸ್ಪ್ರಿಂಗಿನ ಬಿಗಿ ಅದರ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. 12 ಮಿ.ಮೀ. ತಂತಿಯ ಬದಲು 13 ಮಿ.ಮೀ. ಬಳಸಿ ಉಳಿದದ್ದೆಲ್ಲ ಹಾಗೇ ಇಟ್ಟರೆ ಬಿಗಿ ಶೇ. 38 ಹೆಚ್ಚು. ಕಣ್ಣಿಗೆ ಕಾಣದ ಒಂದು ಮಿಲಿಮೀಟರು! ಕಂಪನಿಯ ಎಂಜಿನಿಯರುಗಳು ತಿಂಗಳುಗಟ್ಟಲೆ ಓಡಿಸಿ ನೋಡಿ ಆರಿಸಿದ್ದನ್ನು ಅಂದಾಜಿನಲ್ಲಿ ಬದಲಿಸುವ ಮೊದಲು ಈ ಒಂದು ಸಂಖ್ಯೆಯನ್ನು ನೆನೆದರೆ ಸಾಕು.

ಇನ್ನು ಇಳಿಸುವುದರ ಲಾಭವನ್ನೇ ಅಳೆದು ನೋಡೋಣ. ತಿರುವಿನಲ್ಲಿ ಒಳಗಡೆಯ ಚಕ್ರಗಳಿಂದ ಹೊರಗಡೆಯ ಚಕ್ರಗಳಿಗೆ ಭಾರ ಸರಿಯುತ್ತದೆ. ಒಟ್ಟು ಎಷ್ಟು ಸರಿಯುತ್ತದೆ ಎಂಬುದನ್ನು ನಿರ್ಧರಿಸುವುದು ಗುರುತ್ವ ಕೇಂದ್ರದ ಎತ್ತರ, ಚಕ್ರಗಳ ನಡುವಿನ ಅಗಲ, ತಿರುವಿನ ಬಿರುಸು. ಸ್ಪ್ರಿಂಗು ಗಟ್ಟಿಯಾದರೆ ಭಾರ ಸರಿಯುವುದು ನಿಲ್ಲುತ್ತದೆ ಎಂಬುದು ಸುಳ್ಳು. ವಾಲುವುದು ಕಡಿಮೆಯಾಗುತ್ತದೆ, ಭಾರ ಅಷ್ಟೇ ಸರಿಯುತ್ತದೆ. ಸಾವಿರ ಕೆ.ಜಿ. ತೂಕದ, ಗುರುತ್ವ ಕೇಂದ್ರ 55 ಸೆಂ.ಮೀ. ಎತ್ತರದಲ್ಲಿರುವ, ಚಕ್ರಗಳ ನಡುವೆ 145 ಸೆಂ.ಮೀ. ಅಗಲವಿರುವ ಕಾರೊಂದನ್ನು ತೆಗೆದುಕೊಳ್ಳಿ. ಪ್ರಯಾಣಿಕರು ಬಾಗಿಲಿಗೆ ಒರಗುವಷ್ಟು ಬಿರುಸಾದ ತಿರುವಿನಲ್ಲಿ, ಅಂದರೆ ಗುರುತ್ವದ ಹತ್ತರಲ್ಲಿ ಆರು ಪಾಲು ಅಡ್ಡಬಲ ಬಿದ್ದಾಗ, ಸುಮಾರು 228 ಕೆ.ಜಿ. ಹೊರಗಡೆಗೆ ಸರಿಯುತ್ತದೆ. ಅದೇ ಕಾರನ್ನು 3 ಸೆಂ.ಮೀ. ಇಳಿಸಿದರೆ ಸರಿಯುವುದು 215 ಕೆ.ಜಿ. ಉಳಿದದ್ದು ಹದಿಮೂರು ಕೆ.ಜಿ. ಪಕ್ಕದ ಸೀಟಿನವನು ತನ್ನ ಬ್ಯಾಗನ್ನು ಮನೆಯಲ್ಲೇ ಬಿಟ್ಟು ಬಂದಿದ್ದರೆ ಇದರ ಅರ್ಧದಷ್ಟು ತೂಕ ಕಾರಿನಿಂದಲೇ ಇಳಿಯುತ್ತಿತ್ತು.

ಆ ಹದಿಮೂರು ಕೆ.ಜಿ.ಗೆ ತೆರುವ ಬೆಲೆ ಮುಂಗಾಲಿನ ಜ್ಯಾಮಿತಿಯಲ್ಲಿದೆ. ಮಾರುತಿ 800ರಿಂದ ಹಿಡಿದು ನಮ್ಮ ಬಹುತೇಕ ಹ್ಯಾಚ್‌ಬ್ಯಾಕುಗಳ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ, 1950ರ ಬ್ರಿಟಿಷ್ ಫೋರ್ಡ್ ಕಾನ್ಸಲ್ ಕಾರಿನಿಂದ ಹೆಸರಾದ ಈ ವ್ಯವಸ್ಥೆಯಲ್ಲಿ ಮೇಲ್ತೋಳಿಲ್ಲ. ಕೆಳಗೊಂದು ಲೋವರ್ ಆರ್ಮ್, ಅದರ ಮೇಲೆ ನಿಂತ, ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದಾದ ಸ್ಟ್ರಟ್. ಅಗ್ಗ, ಹಗುರ, ಎಂಜಿನನ್ನು ಅಡ್ಡ ಇಡಲು ಬೇಕಾದಷ್ಟು ಜಾಗ. ಕಾರು ತಾನಿದ್ದ ಎತ್ತರದಲ್ಲಿದ್ದಾಗ ಲೋವರ್ ಆರ್ಮ್ ಚಕ್ರದ ಕಡೆಗೆ ಸ್ವಲ್ಪ ಇಳಿಜಾರಾಗಿರುತ್ತದೆ. ಹಾಗಿದ್ದರೆ ಕಾರು ವಾಲಿದಂತೆಲ್ಲ ಹೊರಚಕ್ರದ ನೆತ್ತಿ ಒಳಗೆ ಬಾಗಿ, ಟೈರು ಚಪ್ಪಟೆಯಾಗಿ ರಸ್ತೆಯನ್ನು ಒತ್ತುತ್ತದೆ. ಕಾರನ್ನು ಇಳಿಸಿದಾಗ ಆರ್ಮ್ ಅಡ್ಡವಾಗುತ್ತದೆ, ಇನ್ನೂ ಇಳಿಸಿದರೆ ಚಕ್ರದ ತುದಿಯೇ ಮೇಲಾಗುತ್ತದೆ. ಆಮೇಲೆ ವಾಲಿದಷ್ಟೂ ಟೈರು ತಪ್ಪು ದಿಕ್ಕಿಗೆ ಬಾಗುತ್ತದೆ, ಹೊರ ಅಂಚಿನ ಮೇಲೆ ಓಡುತ್ತದೆ. ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದುವಂತೂ ಬಾಡಿಗಿಂತ ಬೇಗ ಕೆಳಗಿಳಿಯುತ್ತದೆ. ಹೀಗಾಗಿ ಇಳಿಸಿದ ಕಾರನ್ನು ವಾಲಿಸುವ ಸನ್ನೆ ಉದ್ದವಾಗುತ್ತದೆ. ಸ್ಪ್ರಿಂಗಿನ ಬಿಗಿ ಹಾಗೇ ಇದ್ದರೆ ಅದು ಮೊದಲಿಗಿಂತ ಹೆಚ್ಚು ವಾಲುವುದೂ ಉಂಟು! ಅದನ್ನು ತಡೆಯಲು ಇನ್ನೂ ಗಟ್ಟಿ ಸ್ಪ್ರಿಂಗು, ಆ ಸ್ಪ್ರಿಂಗನ್ನು ತಡೆಯಲು ಇನ್ನೂ ಗಟ್ಟಿ ಶಾಕ್ ಅಬ್ಸಾರ್ಬರು. ದುಡ್ಡು ಖರ್ಚಾಗುತ್ತಾ ಹೋಗುತ್ತದೆ, ಟೈರು ಮಾತ್ರ ರಸ್ತೆಯಿಂದ ದೂರವಾಗುತ್ತಾ ಬರುತ್ತದೆ.

ಈ ವಿದ್ಯೆಯನ್ನು ಚೆನ್ನಾಗಿ ಬಲ್ಲವರು ಮೆತ್ತಗಿನ ಪಕ್ಷದವರೇ ಆಗಿದ್ದರು ಎಂಬುದು ಗಮನಿಸಬೇಕಾದ ಮಾತು. ರೋಲ್ಸ್ ರಾಯ್ಸ್ ಬಿಟ್ಟು 1930ರ ಹೊತ್ತಿಗೆ ಅಮೆರಿಕದ ಕ್ಯಾಡಿಲಾಕ್ ಸೇರಿದ ಮಾರಿಸ್ ಆಲಿ, ತೂಕಗಳನ್ನು ಹಿಂದೆ ಮುಂದೆ ಸರಿಸಬಹುದಾದ ವಿಚಿತ್ರ ಕಾರೊಂದನ್ನು ಕಟ್ಟಿ ಅದರಲ್ಲಿ ಜನರನ್ನು ಕೂರಿಸಿ ಓಡಿಸಿದರು. ಅದರಿಂದ ಕಂಡುಕೊಂಡದ್ದು ಇಷ್ಟು: ಹಿಂದಿನ ಸ್ಪ್ರಿಂಗು ಮುಂದಿನದಕ್ಕಿಂತ ತುಸು ಚುರುಕಾಗಿ ಆಡಬೇಕು. ಹಂಪನ್ನು ಮೊದಲು ಮುಟ್ಟುವುದು ಮುಂಚಕ್ರ, ಆಮೇಲೆ ಹಿಂಚಕ್ರ. ತಡವಾಗಿ ಶುರುಮಾಡಿದ ಹಿಂಭಾಗ ಬೇಗ ಆಡಿ ಮುಂಭಾಗವನ್ನು ಹಿಡಿದುಕೊಂಡರೆ ಕಾರು ಮೂಗು ಎತ್ತಿ ಇಳಿಸಿ ತೂಗುವುದಿಲ್ಲ, ಸಮನಾಗಿ ಒಮ್ಮೆ ಎದ್ದು ಕೂರುತ್ತದೆ. ಮುಂದೆ ಮಾತ್ರ ಗಟ್ಟಿ ಸ್ಪ್ರಿಂಗು ಹಾಕಿಸಿ ಹಿಂದಿನದನ್ನು ‘ಆಮೇಲೆ ನೋಡೋಣ’ ಎಂದವರ ಕಾರು ಹೆದ್ದಾರಿಯಲ್ಲಿ ತಲೆಯಾಡಿಸುತ್ತಾ ಹೋಗುವುದು ಇದೇ ಕಾರಣಕ್ಕೆ. 1948ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಹೊರಬಂದ ಸಿಟ್ರೊಯೆನ್ 2ಸಿವಿಗೆ ಕೊಟ್ಟಿದ್ದ ಷರತ್ತೇ ಉತ್ತ ಹೊಲದಲ್ಲಿ ಮೊಟ್ಟೆ ಬುಟ್ಟಿ ಒಯ್ದರೆ ಒಂದೂ ಒಡೆಯಬಾರದೆಂದು. ಅದು ಬಡ ರೈತರ ಕಾರು ಎಂದು ತಳ್ಳಿಹಾಕುವವರು ಲೋಟಸ್ ಸಂಸ್ಥೆಯ ಕಾಲಿನ್ ಚಾಪ್‌ಮನ್ ಅವರ 1962ರ ಎಲಾನ್ ಕಾರನ್ನು ನೋಡಬೇಕು. ತೂಕ 700 ಕೆ.ಜಿ.ಗೂ ಒಳಗೆ. ತಿರುವಿನಲ್ಲಿ ಅದನ್ನು ಹಿಂದೆ ಹಾಕುವ ಕಾರು ಆ ಕಾಲದಲ್ಲಿ ಸಿಗುವುದು ಕಷ್ಟವಿತ್ತು. ಅದರ ಸ್ಪ್ರಿಂಗುಗಳೋ, ಅಂದಿನ ಸ್ಪೋರ್ಟ್ಸ್ ಕಾರುಗಳಲ್ಲೇ ಮೆತ್ತಗಿನವು. 

ಫೋರ್ಡಿನ ರಿಚರ್ಡ್ ಪ್ಯಾರಿ-ಜೋನ್ಸ್ ಇದೇ ಹಾದಿಯವರು. ಮೊದಲ 50 ಮೀಟರಿನಲ್ಲೇ ಕಾರಿನ ಗುಣ ತಿಳಿಯುತ್ತದೆ ಎನ್ನುತ್ತಿದ್ದ ಮನುಷ್ಯ. 1998ರ ಫೋಕಸ್ ಅವರ ಕಾಲದ ದೊಡ್ಡ ಹೆಸರು. ಆ ಬಳಗದ ಗುಣವೇ ಚೆನ್ನೈನಲ್ಲಿ ತಯಾರಾಗುತ್ತಿದ್ದ ಫಿಯೆಸ್ಟಾ, ಫಿಗೊಗಳಿಗೂ ಬಂದಿತ್ತು. ಫೋರ್ಡ್ 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಹಳೆಯ ಫಿಯೆಸ್ಟಾವನ್ನು ಮಾರಲೊಲ್ಲದೆ ಇಟ್ಟುಕೊಂಡವರು ಮಲೆನಾಡಿನ ಕಡೆ ಇನ್ನೂ ಸಿಗುತ್ತಾರೆ. ಅವರಲ್ಲಿ ಯಾರನ್ನಾದರೂ ಕೇಳಿ, ಕಾರು ಗಟ್ಟಿ ಎನ್ನುವುದಿಲ್ಲ, ‘ಕೂತು ಹೋಗುತ್ತೆ’ ಎನ್ನುತ್ತಾರೆ.

ಕೂತು ಹೋಗುವ ಗುಟ್ಟು ಶಾಕ್ ಅಬ್ಸಾರ್ಬರಿನಲ್ಲಿದೆ. ಹೆಸರಿಗೆ ಆಘಾತ ಹೀರುವುದು ಅದರ ಕೆಲಸವಾದರೂ ಆಘಾತ ನುಂಗುವುದು ಸ್ಪ್ರಿಂಗು. ನುಂಗಿದ್ದನ್ನು ಸ್ಪ್ರಿಂಗು ವಾಪಸು ಉಗುಳುವಾಗ ಅದನ್ನು ತಡೆದು, ಆ ಶಕ್ತಿಯನ್ನು ಎಣ್ಣೆಯಲ್ಲಿ ಕಾವಾಗಿಸಿ ಬಿಡುವುದು ಈ ಕೊಳವೆಯ ಕೆಲಸ. ಘಾಟಿ ಇಳಿದ ಮೇಲೆ ಶಾಕ್ ಅಬ್ಸಾರ್ಬರ್ ಮುಟ್ಟಿ ನೋಡಿದರೆ ಬಿಸಿ ಕೈಗೆ ತಾಗುತ್ತದೆ. ಒಳಗೆ ಒಂದು ಪಿಸ್ಟನ್, ಅದರಲ್ಲಿ ಸಣ್ಣ ತೂತುಗಳು, ತೂತುಗಳ ಮೇಲೆ ತೆಳು ಉಕ್ಕಿನ ಬಿಲ್ಲೆಗಳ ಅಡುಕು. ಕಾರು ನಿಧಾನವಾಗಿ ವಾಲುವಾಗ ಎಣ್ಣೆ ಸಣ್ಣ ತೂತಿನಿಂದ ಹಾಯಬೇಕು, ಆದ್ದರಿಂದ ಬಿಗಿ. ಕಲ್ಲು ಹೊಡೆದಾಗ ಪಿಸ್ಟನ್ ರಭಸದಿಂದ ಚಲಿಸಿ ಬಿಲ್ಲೆಗಳು ಬಾಗುತ್ತವೆ, ಎಣ್ಣೆ ನುಗ್ಗಿ ಹೋಗುತ್ತದೆ, ಆದ್ದರಿಂದ ಸಡಿಲ. ತಿರುವಿಗೆ ಬಿಗಿ, ಗುಂಡಿಗೆ ಸಡಿಲ: ದುಡ್ಡು ಕೊಟ್ಟು ಕೊಳ್ಳಬೇಕಾದ ಗುಣ ಇದೇ. ಜರ್ಮನಿಯ ಬಿಲ್‌ಸ್ಟೈನ್ ಒಂದೇ ಕೊಳವೆಯ, ಗ್ಯಾಸ್ ಒತ್ತಡದ ಶಾಕ್ ಅಬ್ಸಾರ್ಬರನ್ನು 1957ರಲ್ಲಿ ಮರ್ಸಿಡಿಸ್ ಕಾರುಗಳಿಗೆ ಒದಗಿಸಿತು. ಅದಕ್ಕೂ ನೂರು ವರ್ಷ ಹಿಂದೆ, 1857ರಲ್ಲಿ, ಕುದುರೆಯ ಜೀನು ಸರಂಜಾಮು ಮಾಡಿಕೊಂಡು ಶುರುವಾದ ನೆದರ್ಲೆಂಡ್ಸಿನ ಕೋನಿ, ಬಿಗಿಯನ್ನು ಹೊರಗಿನಿಂದ ತಿರುಗಿಸಿ ಹೊಂದಿಸಬಲ್ಲ ಮಾದರಿಗಳಿಗೆ ಹೆಸರಾಯಿತು.

ತಿರುಗಿಸುವ ಗುಂಡಿ ಇದೆಯೆಂದು ಕೊನೆಯವರೆಗೆ ತಿರುಗಿಸುವವರೇ ಹೆಚ್ಚು. ಚಕ್ರ ಮೇಲೇರುವಾಗಿನ ತಡೆಗಿಂತ ಕೆಳಗಿಳಿಯುವಾಗಿನ ತಡೆ ಹೆಚ್ಚಿರುವುದು ವಾಡಿಕೆ. ಆದರೆ ಅದು ಅತಿಯಾದರೆ ಏನಾಗುತ್ತದೆಂದು ತಿಳಿಯಲು ಟೋಲ್ ಗೇಟಿನ ಮುಂದಿನ ಬಿಳಿ ಪಟ್ಟಿಗಳ ಸಾಲು ಸಾಕು. ಮೊದಲ ಪಟ್ಟಿಗೆ ಚಕ್ರ ಮೇಲೇರಿತು. ಅದು ಪೂರ್ತಿ ಕೆಳಗಿಳಿಯುವ ಮೊದಲೇ ಎರಡನೆಯದು, ಮೂರನೆಯದು ಬಂತು. ಪ್ರತಿ ಪಟ್ಟಿಗೂ ಕಾರು ಸ್ವಲ್ಪ ಸ್ವಲ್ಪ ತಗ್ಗುತ್ತಾ ಹೋಗಿ ಕೊನೆಯ ಪಟ್ಟಿಯ ಹೊತ್ತಿಗೆ ಬಂಪ್ ಸ್ಟಾಪಿನ ಮೇಲೆ ಕೂತಿರುತ್ತದೆ. ಅಲ್ಲಿ ಬ್ರೇಕ್ ಒತ್ತಿದರೆ ಟೈರು ರಸ್ತೆಯ ಮೇಲೆ ತಟತಟ ಕುಣಿಯುತ್ತದೆ. ಹೊಸ ಸೆಟ್ ಹಾಕಿಸಿದವರು ಗುಂಡಿಯನ್ನು ತೀರಾ ಮೆತ್ತಗಿನ ಕಡೆ ಇಟ್ಟು ಶುರುಮಾಡಲಿ. ಗೊತ್ತಿರುವ ಒಂದೇ ರಸ್ತೆಯಲ್ಲಿ, ಒಂದೇ ವೇಗದಲ್ಲಿ, ಒಂದು ಸಲಕ್ಕೆ ಕಾಲು ಸುತ್ತಷ್ಟೇ ಬಿಗಿ ಮಾಡುತ್ತಾ ಹೋಗಲಿ. ದೊಡ್ಡ ಉಬ್ಬು ದಾಟಿದ ಮೇಲೆ ಕಾರು ಒಂದೇ ಸಲ ಎದ್ದು ಕೂತು ಸುಮ್ಮನಾಯಿತೇ? ಅಲ್ಲಿಗೇ ನಿಲ್ಲಿಸಬೇಕು.

ಕಾಫಿ ತೋಟದ ರಸ್ತೆಗಳಲ್ಲಿ ನಡೆಯುವ ರ‍್ಯಾಲಿಗಳನ್ನು ನೋಡಿದವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಚಿಕ್ಕಮಗಳೂರಿನ ತೋಟಗಳ ಮಣ್ಣುದಾರಿಯಲ್ಲಿ ಮತ್ತು ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿಯಲ್ಲಿ, ದೇಶದ ಅತಿ ಚುರುಕಿನ ಚಾಲಕರು ಓಡಿಸುವ ಕಾರುಗಳು ತಗ್ಗಾಗಿರುವುದಿಲ್ಲ. ಮನೆ ಮುಂದಿನ ಕಾರಿಗಿಂತ ಒಂದು ಹಿಡಿ ಎತ್ತರವೇ ಇರುತ್ತವೆ. ಚಕ್ರಕ್ಕೆ ಮೇಲೆ ಕೆಳಗೆ ಆಡಲು ಉದ್ದ ದಾರಿ, ಕಾವಿಗೆ ಸೋಲದ ದುಬಾರಿ ಶಾಕ್ ಅಬ್ಸಾರ್ಬರು. ಆ ಬಜೆಟ್ಟಿನಲ್ಲಿ ಸ್ಪ್ರಿಂಗಿಗಿಂತ ಶಾಕ್ ಅಬ್ಸಾರ್ಬರಿನ ಪಾಲು ಎಷ್ಟೋ ದೊಡ್ಡದು. ನಮ್ಮ ಘಾಟಿ ರಸ್ತೆ ರೇಸ್ ಟ್ರ್ಯಾಕಿಗೆ ಹತ್ತಿರವೋ ತೋಟದ ದಾರಿಗೆ ಹತ್ತಿರವೋ ಎಂಬುದನ್ನು ಮಳೆಗಾಲ ಕಳೆದ ಮೇಲೆ ಒಮ್ಮೆ ಹೋಗಿ ನೋಡಿ ತೀರ್ಮಾನಿಸಬಹುದು.

ಆ್ಯಂಟಿ ರೋಲ್ ಬಾರ್ ಬಗ್ಗೆಯೂ ಒಂದು ಮಾತು: ಎಡಬಲ ಚಕ್ರಗಳನ್ನು ಜೋಡಿಸಿ ಕಾರು ವಾಲದಂತೆ ತಡೆಯುವ ಸರಳು ಅದು. ಎಂಜಿನ್ನೂ ಎಳೆತವೂ ಮುಂದೆಯೇ ಇರುವ ಕಾರುಗಳು ತಿರುವಿನಲ್ಲಿ ಮೂಗನ್ನು ಹೊರಗೆ ಹಾಕುವ ಜಾತಿಯವು. ಹಿಂಭಾಗ ವಾಲದಂತೆ ಬಿಗಿ ಮಾಡಿದರೆ ಈ ಚಾಳಿ ಕಡಿಮೆಯಾಗುತ್ತದೆ. 1976ರ ಗಾಲ್ಫ್ ಜಿಟಿಐ ತಿರುವಿನಲ್ಲಿ ಒಳಗಡೆಯ ಹಿಂಚಕ್ರವನ್ನು ಗಾಳಿಗೆತ್ತಿ ಮೂರೇ ಚಕ್ರದಲ್ಲಿ ಹೋಗುವ ಚಿತ್ರಗಳು ಪ್ರಸಿದ್ಧ. ಓಡಿಸಲು ಅದರಷ್ಟು ಖುಷಿ ಕೊಡುವ ಕಾರು ಕಡಿಮೆ ಎಂದು ಹೊಗಳುವವರು ಇಂದಿಗೂ ಇದ್ದಾರೆ. ಆದರೆ ಈ ಮದ್ದಿಗೆ ಪಥ್ಯವೂ ಉಂಟು. ತಿರುವಿನ ನಡುವೆ ಎದುರಿನಿಂದ ಬಸ್ಸು ಕಂಡು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹಿಂಭಾಗ ಜಾರಿ ಮುಂದೆ ಬರಲು ನೋಡುತ್ತದೆ. ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಬೀಳುವ ಆಗುಂಬೆಯಲ್ಲಿ, ಹದಿನಾಲ್ಕು ಹಿಮ್ಮುರಿ ತಿರುವುಗಳ ಆ ಘಾಟಿಯಲ್ಲಿ, ಪಾಚಿ ಕಟ್ಟಿದ ಡಾಂಬರಿನ ಮೇಲೆ ಈ ಪ್ರಯೋಗ ಬೇಡ. ಬಾರಿನ ದಪ್ಪವನ್ನು 20ರಿಂದ 22 ಮಿ.ಮೀ.ಗೆ ಏರಿಸಿದರೆ ಬಿಗಿ ಶೇ. 46 ಏರುತ್ತದೆ. ಮತ್ತೆ ಅದೇ ನಾಲ್ಕನೇ ಘಾತ.

ಟೈರಿನ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಮುಗಿಸಬಹುದು. 185/60 ಆರ್15 ಟೈರಿನ ಪಕ್ಕದ ಗೋಡೆ 111 ಮಿ.ಮೀ.; ಅಂದಕ್ಕೆಂದು 205/45 ಆರ್16 ಹಾಕಿಸಿದರೆ 92 ಮಿ.ಮೀ. ಕಳೆದುಹೋದ 19 ಮಿ.ಮೀ. ಗಾಳಿಯೂ ಸಸ್ಪೆನ್ಷನ್ನೇ ಆಗಿತ್ತು. ದೊಡ್ಡ ಅಲಾಯ್ ಚಕ್ರದ ಹೆಚ್ಚಿನ ತೂಕ ಬೀಳುವುದು ಸ್ಪ್ರಿಂಗಿನ ಕೆಳಗೆ, ಅಂದರೆ ಎಲ್ಲಿ ಇರಬಾರದೋ ಅಲ್ಲಿ.

ಕಾನೂನಿನ ಮಾತು ಬಿಟ್ಟರೆ ಲೇಖನ ಅರ್ಧವಾದೀತು. ನೋಂದಣಿ ಪತ್ರದಲ್ಲಿರುವ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ಇಟ್ಟಿದೆ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಕಟ್ಟುವುದಕ್ಕೆ 189ನೇ ಸೆಕ್ಷನ್ ಬೇರೆಯೇ ಕಾದಿದೆ. ಹುರುಪಿನಿಂದ ಓಡಿಸುವುದೆಂದರೆ ಮಿತಿಯ ಒಳಗೆ, ತನ್ನ ಸಾಲಿನಲ್ಲೇ, ತಿರುವುಗಳನ್ನು ಅಂದವಾಗಿ ಸೇರಿಸಿಕೊಂಡು ಹೋಗುವುದು. ಕಂಪನಿ ಅಳತೆಯ ಬಿಡಿಭಾಗಗಳನ್ನು ಹೊಸದಾಗಿಟ್ಟುಕೊಂಡರೆ ಅದಕ್ಕೆ ಕಾರು ಧಾರಾಳವಾಗಿ ಸಾಕು. ಕಾನೂನಿನ ತಕರಾರೂ ಇಲ್ಲ.

ಹಾಗಾಗಿ ಖರ್ಚಿನ ಸಾಲಿನಲ್ಲಿ ಮೊದಲು ನಿಲ್ಲಬೇಕಾದ್ದು ಸ್ಪ್ರಿಂಗಲ್ಲ, ನೂರಾರು ರೂಪಾಯಿಯ ರಬ್ಬರುಗಳು. 80 ಸಾವಿರ ಕಿ.ಮೀ. ಓಡಿದ ಕಾರಿನ ಲೋವರ್ ಆರ್ಮ್ ಬುಷ್‌ಗಳು ಸೀಳಿರುತ್ತವೆ, ಲಿಂಕ್ ರಾಡ್ ಕಟಕಟ ಎನ್ನುತ್ತಿರುತ್ತದೆ, ಸ್ಟ್ರಟ್ ಮೌಂಟಿಂಗ್ ಕುಸಿದಿರುತ್ತದೆ, ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆಯ ಜಿಡ್ಡಿಗೆ ಧೂಳು ಮೆತ್ತಿರುತ್ತದೆ. ಇದೆಲ್ಲ ದಿನಕ್ಕಿಷ್ಟು ಸವೆದದ್ದರಿಂದ ಓಡಿಸುವವನಿಗೆ ಗೊತ್ತೇ ಆಗಿರುವುದಿಲ್ಲ. ಕಾರು ಸಡಿಲವೆನಿಸುತ್ತದೆ, ಅವನು ಸ್ಪ್ರಿಂಗಿನ ಮೇಲೆ ಗೂಬೆ ಕೂರಿಸುತ್ತಾನೆ. ಈ ರಬ್ಬರುಗಳನ್ನೂ ನಾಲ್ಕು ಶಾಕ್ ಅಬ್ಸಾರ್ಬರುಗಳನ್ನೂ ಒಟ್ಟಿಗೆ ಹೊಸದು ಹಾಕಿಸಿದ ಹಳೆಯ ಕಾರು, ಗಟ್ಟಿ ಸ್ಪ್ರಿಂಗು ಹಾಕಿಸಿ ಹಳೆ ರಬ್ಬರು ಉಳಿಸಿಕೊಂಡ ಕಾರನ್ನು ಯಾವ ಘಾಟಿಯಲ್ಲಾದರೂ ಹಿಂದೆ ಹಾಕೀತು.

ಹಾಕಿಸುವಾಗ ಪಕ್ಕದಲ್ಲೇ ನಿಂತು ಒಂದು ಕೆಲಸ ನೋಡಿಕೊಳ್ಳಬೇಕು. ಕಾರನ್ನು ಲಿಫ್ಟಿನ ಮೇಲೆ ಎತ್ತಿದಾಗ ಚಕ್ರಗಳು ಇಳಿಬಿದ್ದಿರುತ್ತವೆ. ಹಾಗಿದ್ದಾಗಲೇ ಲೋವರ್ ಆರ್ಮಿನ ಬೋಲ್ಟನ್ನು ಪೂರ್ತಿ ಬಿಗಿ ಮಾಡಿದರೆ ಬುಷ್‌ನ ರಬ್ಬರು ಆ ಭಂಗಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಕಾರು ನೆಲಕ್ಕಿಳಿದಾಗ ಅದು ತಿರುಚಿಕೊಂಡು ಸದಾ ಎಳೆತದಲ್ಲಿದ್ದು ಬೇಗ ಹರಿಯುತ್ತದೆ. ಬೋಲ್ಟನ್ನು ಸಡಿಲ ಬಿಟ್ಟು, ಕಾರನ್ನು ತನ್ನ ಚಕ್ರದ ಮೇಲೆ ನಿಲ್ಲಿಸಿ, ನಾಲ್ಕು ಸಲ ಅದುಮಿ, ಆಮೇಲೆ ಟಾರ್ಕ್ ವ್ರೆಂಚಿನಲ್ಲಿ ಬಿಗಿ ಮಾಡಬೇಕು. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ ಎಂದು ಗೊಣಗಿದರೆ ಗೊಣಗಲಿ, ಒಂದು ಕಾಫಿ ಕೊಡಿಸಿದರಾಯಿತು.

ಕೊನೆಗೆ ಅಲೈನ್‌ಮೆಂಟ್. ನಾಲ್ಕೂ ಟೈರಿಗೆ ಸರಿಯಾದ ಗಾಳಿ ಹಾಕಿಸಿ, ಓಡಿಸುವವನೇ ಸೀಟಿನಲ್ಲಿ ಕೂತು ಮಾಡಿಸಿದರೆ ಒಳ್ಳೆಯದು. ಮುಂಚಕ್ರದ ನೆತ್ತಿ ಒಂದರಿಂದ ಒಂದೂವರೆ ಡಿಗ್ರಿ ಒಳಗೆ ಬಾಗಿದ್ದರೆ ತಿರುವಿನಲ್ಲಿ ಹಿಡಿತ ಚೆನ್ನ. ಸ್ಟ್ರಟ್ಟಿನ ಬುಡದಲ್ಲಿ ಕ್ಯಾಂಬರ್ ಬೋಲ್ಟ್ ಹಾಕಿದರೆ ಇಷ್ಟು ಸಿಗುತ್ತದೆ. ಟೋ, ಅಂದರೆ ಚಕ್ರಗಳ ಮುಂತುದಿ ಒಳಗೋ ಹೊರಗೋ ತಿರುಗಿರುವುದು, ಮಾತ್ರ ಕಂಪನಿ ಹೇಳಿದ ಅಳತೆ ಬಿಟ್ಟು ಅಲುಗಬಾರದು, ಟೈರು ತಿನ್ನುವುದು ಅದೇ. ಹಿಂದೆ ಟ್ವಿಸ್ಟ್ ಬೀಮ್ ಇರುವ ಸ್ವಿಫ್ಟ್, ಪೋಲೊ, ಐ20ಗಳಲ್ಲಿ ಹಿಂಚಕ್ರಕ್ಕೆ ತಿರುಗಿಸುವ ಬೋಲ್ಟೇ ಇಲ್ಲ. ‘ಹಿಂದಿನದೂ ಸೆಟ್ ಮಾಡಿದೀವಿ ಸಾರ್’ ಎನ್ನುವ ಅಂಗಡಿಗೆ ಇನ್ನೊಮ್ಮೆ ಹೋಗಬೇಡಿ. ಹೊಸ ಬಿಡಿಭಾಗಗಳು ಕೆಲವು ನೂರು ಕಿ.ಮೀ. ಓಡಿ ಕೂತ ಮೇಲೆ ಮತ್ತೊಮ್ಮೆ ಅಳತೆ ನೋಡಿಸಿ, ಮೊದಲಿನದೂ ಆಮೇಲಿನದೂ ಎರಡೂ ಇರುವ ಪ್ರಿಂಟ್ ಕೇಳಿ ಪಡೆಯಿರಿ. ಪ್ರಿಂಟ್ ಕೈಗೆ ಬರುವವರೆಗೆ ದುಡ್ಡು ಕೊಡಬೇಡಿ.